ಮನೆಯಲ್ಲೇ ಕಲಿಯುವ ಮಕ್ಕಳ ಅಭಿಪ್ರಾಯ ಕೇಳುವುದು ಹೇಗೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಈಗ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಅಲ್ಲಲ್ಲಿ ಸಿಗುತ್ತವೆ. ಕೆಲವರು ಬೆಂಗಳೂರು ಬಿಟ್ಟು ಬಂದು ತೋಟ ಮಾಡಿದವರು. ಕೆಲವರು ಇಲ್ಲಿಯವರೇ. 2020ರಲ್ಲಿ ಶಾಲೆ ಮುಚ್ಚಿ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಸಾಕಾಗಿ, ತಾವೇ ಪಾಠ ಶುರು ಮಾಡಿ ಹಾಗೇ ಮುಂದುವರಿಸಿದವರು. ಯಾಕೆ ಹೀಗೆ ಅಂತ ಕೇಳಿದರೆ ದೊಡ್ಡವರ ಹತ್ತಿರ ಉತ್ತರ ಸಿದ್ಧ ಇರುತ್ತದೆ. ಪಕ್ಕದಲ್ಲಿ ಕೂತ ಮಗುವನ್ನು ಕೇಳಿ ನೋಡಿ. ಅದು ಮೊದಲು ಅಮ್ಮನ ಮುಖ ನೋಡುತ್ತದೆ, ಆಮೇಲೆ 'ಚೆನ್ನಾಗಿದೆ' ಅನ್ನುತ್ತದೆ.

ಮಗು ಸುಳ್ಳು ಹೇಳುತ್ತಿದೆ ಅಂತಲ್ಲ. ಶಾಲೆಗೆ ಹೋಗುವ ಮಗು ಟೀಚರ್ ಮೇಲಿನ ಸಿಟ್ಟನ್ನು ಮನೆಗೆ ಬಂದು ತೀರಿಸಿಕೊಳ್ಳುತ್ತದೆ, ಮನೆಯ ಮೇಲಿನ ಸಿಟ್ಟನ್ನು ಬಸ್ಸಿನಲ್ಲಿ ಗೆಳತಿಗೆ ಹೇಳುತ್ತದೆ. ಮನೆಯಲ್ಲೇ ಕಲಿಯುವ ಮಗುವಿಗೆ ಟೀಚರ್, ಹೆಡ್‌ಮಾಸ್ಟರ್, ಅಮ್ಮ ಎಲ್ಲರೂ ಒಬ್ಬರೇ. ಲೆಕ್ಕದ ಪಾಠ ಬೋರು ಅಂದರೆ ಅಮ್ಮನಿಗೆ ಬೇಜಾರಾಗುತ್ತದೆ. ಅಮ್ಮ ಈ ಪಾಠಕ್ಕಾಗಿ ಕೆಲಸ ಬಿಟ್ಟಿದ್ದಾಳೆ ಅನ್ನುವುದೂ ಅದಕ್ಕೆ ಗೊತ್ತು. ಹಾಗಾಗಿ ಮನೆಪಾಠದ ಬಗ್ಗೆ ಮಗುವಿನ ಅಭಿಪ್ರಾಯ ಬೇಕಾದರೆ ಸುಮ್ನೆ ಕೇಳಿದರೆ ಸಾಲದು, ಕೇಳುವುದಕ್ಕೊಂದು ದಾರಿ ಮಾಡಿಕೊಳ್ಳಬೇಕು. ಅದು ಹೇಗೆ ಅಂತ ಮುಂದೆ ಬರೆದಿದ್ದೇನೆ.

ಕಾನೂನು ಏನು ಹೇಳುತ್ತದೆ

ಮನೆಯಲ್ಲಿ ಕಲಿಸುವುದು ಮಲೆನಾಡಿಗೆ ಹೊಸದಲ್ಲ. ಕುವೆಂಪು ಅವರಿಗೂ ಮೊದಲ ಪಾಠ ಆಗಿದ್ದು ಮನೆಯಲ್ಲೇ, ದಕ್ಷಿಣ ಕನ್ನಡದ ಕಡೆಯಿಂದ ಕರೆಸಿಕೊಂಡ ಮೇಷ್ಟ್ರಿಂದ. ತೀರ್ಥಹಳ್ಳಿಯ ಶಾಲೆಗೆ ಸೇರಿದ್ದು ಆಮೇಲೆ. ಆ ಕಾಲದಲ್ಲಿ ಮಗುವನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಬೇಕು ಅನ್ನುವ ನಿಯಮವೂ ಇರಲಿಲ್ಲ.

ಈಗ ಇದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಬಂತು, ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಅದರ 12ನೇ ವಿಧಿ ಹೇಳುವುದು ಇಷ್ಟು: ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ತಿಳುವಳಿಕೆ ನೋಡಿ ಅದಕ್ಕೆ ಬೆಲೆ ಕೊಡಬೇಕು. ಈ ವಿಧಿಯನ್ನು ಬಿಡಿಸಿ ಹೇಳಲು 2009ರಲ್ಲಿ ವಿಶ್ವಸಂಸ್ಥೆಯ ಸಮಿತಿ ಒಂದು ವಿವರಣೆ ಕೊಟ್ಟಿತು. ಅದರಲ್ಲಿ ಒಂದು ಮಾತು ಮುಖ್ಯ. ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು, ಕರ್ತವ್ಯ ಅಲ್ಲ. ಮಾತಾಡಲ್ಲ ಅಂದರೆ ಬಿಟ್ಟುಬಿಡಬೇಕು.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಶಿಕ್ಷಣದ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಮಾತಿಲ್ಲ. ಅದನ್ನು ತಿಳಿದುಕೊಂಡೇ ಈ ದಾರಿ ಹಿಡಿಯಬೇಕು. ನಮ್ಮ ವಿಷಯಕ್ಕೆ ಹೆಚ್ಚು ಬೇಕಾಗುವುದು 4ನೇ ಸೆಕ್ಷನ್. ಶಾಲೆಗೆ ಸೇರದೇ ಇದ್ದ ಅಥವಾ ಮಧ್ಯದಲ್ಲಿ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಮಟ್ಟಕ್ಕೆ ಬರಲು ಬೇಕಾದ ವಿಶೇಷ ತರಬೇತಿಯನ್ನೂ ಕೊಡಬೇಕು. ಅಂದರೆ ಶಾಲೆಯ ಬಾಗಿಲು ತೆರೆದೇ ಇದೆ. ಮಗು 'ನಾನು ಶಾಲೆಗೆ ಹೋಗ್ತೀನಿ' ಅಂದರೆ 'ಈಗ ಯಾರು ಸೇರಿಸ್ಕೋತಾರೆ' ಅಂತ ಬಾಯಿ ಮುಚ್ಚಿಸುವ ಹಾಗಿಲ್ಲ.

ಹೆಜ್ಜೆ 1: ಏನು ಬದಲಾಗಬಹುದು ಅಂತ ಮೊದಲು ನೀವು ತೀರ್ಮಾನಿಸಿ

ಮಗು ಇಲ್ಲದ ಹೊತ್ತಲ್ಲಿ ಅಪ್ಪ ಅಮ್ಮ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ. ಮಗು ಹೇಳಿದ ಹಾಗೇ ಮಾಡಬಹುದಾದವು ಮೊದಲ ಭಾಗಕ್ಕೆ: ಬೆಳಿಗ್ಗೆ ಎಷ್ಟೊತ್ತಿಗೆ ಓದಲು ಕೂರುವುದು, ಎಲ್ಲಿ ಕೂರುವುದು, ಯಾವ ಪುಸ್ತಕ, ಹಿಂದಿ ಈಗಲೇ ಬೇಕಾ. ಎಲ್ಲರೂ ಕೂತು ಮಾತಾಡಿ ತೀರ್ಮಾನಿಸಬೇಕಾದವು ಎರಡನೆಯದಕ್ಕೆ: ಸಂಗೀತದ ಕ್ಲಾಸಿಗೆ ಪೇಟೆಗೆ ಹೋಗುವುದು, ಮೊಬೈಲು, ಪರೀಕ್ಷೆ. ಸದ್ಯಕ್ಕೆ ಆಗದವು ಮೂರನೆಯದಕ್ಕೆ. ಹಳ್ಳ ತುಂಬಿದಾಗ ಒಬ್ಬರೇ ಸಂಕ ದಾಟುವುದು ಇಲ್ಲಿಗೆ ಬರುತ್ತದೆ, ಅದರಲ್ಲಿ ಚರ್ಚೆಯೇ ಇಲ್ಲ.

ಈಗ 'ಶಾಲೆಗೆ ಹೋಗುವುದು' ಅನ್ನುವುದನ್ನು ಯಾವ ಭಾಗದಲ್ಲಿ ಬರೆದಿರಿ ನೋಡಿಕೊಳ್ಳಿ. ಮೂರನೆಯದರಲ್ಲಿ ಬರೆದಿದ್ದರೆ ಮಗುವನ್ನು ಕೇಳುವುದು ಆಮೇಲಿರಲಿ, ನೀವಿಬ್ಬರೂ ಇನ್ನೊಂದು ಸಲ ಮಾತಾಡಿ. ಉಳಿದದ್ದನ್ನೆಲ್ಲ ಕೇಳಿ ಇದೊಂದನ್ನು ಬಿಟ್ಟರೆ ಮಗುವಿಗೆ ಅರ್ಥವಾಗುತ್ತದೆ. ಮಕ್ಕಳು ಇಂಥದ್ದರಲ್ಲಿ ಬಹಳ ಚುರುಕು.

ಹೆಜ್ಜೆ 2: ಕೇಳುವವರು ಯಾರು?

ಪಾಠ ಮಾಡುವವರು ಕೇಳಬಾರದು. ಅಮ್ಮ ಕಲಿಸುವುದಾದರೆ ಅಪ್ಪ ಕೇಳಲಿ. ಇಬ್ಬರೂ ಕಲಿಸುವುದಾದರೆ ಮೂರನೆಯವರು ಬೇಕು. ಮಗುವಿಗೆ ಸಲಿಗೆ ಇರುವ ಚಿಕ್ಕಮ್ಮ, ದೊಡ್ಡ ಕಸಿನ್, ಪಕ್ಕದ ಮನೆಯ ಅಕ್ಕ, ಯಾರಾದರೂ ಆಗುತ್ತದೆ. ಆದರೆ ಮನೆಪಾಠಕ್ಕೆ ಮೊದಲಿನಿಂದ ವಿರೋಧ ಇರುವ ಅಜ್ಜನನ್ನು ಮಾತ್ರ ಕೂರಿಸಬೇಡಿ. ಮಗು ಹೇಳಿದ ಒಂದು ಮಾತು ಹಬ್ಬದ ಊಟದ ಪಂಕ್ತಿಯಲ್ಲಿ 'ನೋಡಿ, ನಾನು ಹೇಳಿರಲಿಲ್ವಾ' ಅಂತ ಬರುತ್ತದೆ. ಅಲ್ಲಿಗೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಹತ್ತಿರದಲ್ಲಿ ಇನ್ನೊಂದು ಮನೆಪಾಠದ ಕುಟುಂಬ ಇದ್ದರೆ ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮ ಮಕ್ಕಳನ್ನು ಅವರು ಕೇಳಲಿ, ಅವರ ಮಕ್ಕಳನ್ನು ನೀವು ಕೇಳಿ. ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇದೇ. ಇಬ್ಬರಿಗೂ ಮನೆಪಾಠದ ಕಷ್ಟಸುಖ ಗೊತ್ತಿರುತ್ತದೆ, ಯಾರಿಗೂ ಗೆಲ್ಲಬೇಕು ಅಂತಿರುವುದಿಲ್ಲ.

ಪೂರ್ತಿ ಅಪರಿಚಿತರನ್ನು ಕರೆಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಇದೇ ದೊಡ್ಡ ಜಗಳ ಆಗಿತ್ತು. 2009ರಲ್ಲಿ ಗ್ರಹಾಂ ಬ್ಯಾಡ್‌ಮನ್ ಅವರು ಸರ್ಕಾರಕ್ಕೆ ಕೊಟ್ಟ ವರದಿ, ಅಧಿಕಾರಿಗಳು ಮನೆಪಾಠದ ಮಗುವಿನ ಜತೆ ಒಂಟಿಯಾಗಿ ಮಾತಾಡಲು ಅವಕಾಶ ಇರಬೇಕು ಅಂದಿತು. ಮನೆಪಾಠದ ಕುಟುಂಬಗಳು ಜೋರಾಗಿ ವಿರೋಧಿಸಿದವು. ಆ ವರದಿ ನೋಡಿ ಸರ್ಕಾರ ಒಂದು ಮಸೂದೆ ತಂದಿತ್ತು, ಮರುವರ್ಷ ಚುನಾವಣೆಗೆ ಮುಂಚೆ ಅದರಿಂದ ಮನೆಪಾಠದ ಭಾಗವನ್ನು ಕೈಬಿಟ್ಟರು. ಎರಡೂ ಕಡೆ ನ್ಯಾಯ ಇದೆ. ಮಗುವಿನ ಮಾತು ಮನೆಯಾಚೆಯವರ ಕಿವಿಗೂ ಬೀಳಬೇಕು. ಆದರೆ ಪರಿಚಯವೇ ಇಲ್ಲದವರ ಮುಂದೆ ಮಗು ಮುದುಡಿ ಕೂರುತ್ತದೆ. ಹಾಗಾಗಿ ಮನೆಯ ಹೊರಗಿನವರು, ಆದರೆ ಮಗುವಿಗೆ ಪರಿಚಯ ಇರುವವರು ಸರಿ. ಮಾತು ಜಗಲಿಯಲ್ಲೋ ಅಂಗಳದಲ್ಲೋ, ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಆದರೆ ಕಿವಿಗೆ ಬೀಳದಷ್ಟು ದೂರದಲ್ಲಿ ನಡೆಯಲಿ. ಅಣ್ಣ ತಂಗಿಯರನ್ನು ಬೇರೆ ಬೇರೆ ಕೇಳಿ. ಒಟ್ಟಿಗೆ ಕೂರಿಸಿದರೆ ದೊಡ್ಡವರದ್ದೇ ಮಾತು.

ಹೆಜ್ಜೆ 3: ಕೈಗೆ ಕೆಲಸ ಇರುವ ಹೊತ್ತು ನೋಡಿ

ಓದುವ ಮೇಜಿನ ಹತ್ತಿರ ಕೇಳಿದರೆ ಮಗು ಅದನ್ನು ಪರೀಕ್ಷೆ ಅಂದುಕೊಳ್ಳುತ್ತದೆ. ಎದುರು ಬದುರು ಕೂರುವುದೂ ಬೇಡ.

ಮಲೆನಾಡಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹೊತ್ತು ಅಡಿಕೆ ಸುಲಿಯುವ ರಾತ್ರಿ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾದ ಮೇಲೆ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು, ತಡ ಮಾಡುವ ಹಾಗಿಲ್ಲ. ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಎಲ್ಲರ ಕಣ್ಣೂ ಕತ್ತಿಯ ಮೇಲೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಕ್ಕಳಿಗೆ ಕತ್ತಿ ಕೊಡುವುದಿಲ್ಲ, ಉದುರಿದ ಅಡಿಕೆ ಆರಿಸಿ ಬುಟ್ಟಿಗೆ ಹಾಕುವ ಕೆಲಸ ಅವರದ್ದು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ. ಮಧ್ಯೆ ಐದು ನಿಮಿಷ ಯಾರೂ ಮಾತಾಡದಿದ್ದರೂ ವಿಚಿತ್ರ ಅನ್ನಿಸುವುದಿಲ್ಲ. ಹಗಲಿಡೀ ಬಾಯಿ ಬಿಡದ ಮಗು ಇಂಥ ಕಡೆ, ಅಡಿಕೆ ಆರಿಸುತ್ತಲೇ, 'ನಂಗೂ ಸ್ಪೋರ್ಟ್ಸ್ ಡೇ ಇದ್ದಿದ್ರೆ ಚೆನ್ನಾಗಿತ್ತು' ಅಂದುಬಿಡುತ್ತದೆ. ಹತ್ತು ಜನ ಇರುವಲ್ಲಿ ಅದನ್ನು ಕೆದಕಬೇಡಿ. ಮನಸ್ಸಿನಲ್ಲಿ ಇಟ್ಟುಕೊಂಡು ಮರುದಿನ ಇಬ್ಬರೇ ಇದ್ದಾಗ ಎತ್ತಿ. (ಸುಲಿಯುವ ಮಷೀನು ಬಂದ ಮನೆಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಆ ಗಲಾಟೆಯಲ್ಲಿ ನಮ್ಮ ಮಾತೇ ನಮಗೆ ಕೇಳಿಸಲ್ಲ.)

ಅಡಿಕೆ ಇಲ್ಲದವರಿಗೆ ಬಚ್ಚಲೊಲೆ ಇದೆ, ದನ ಹೊಡೆದುಕೊಂಡು ಬರುವ ದಾರಿ ಇದೆ, ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಿಟಕಿ ಸೀಟು ಇದೆ.

ಹೆಜ್ಜೆ 4: ಪ್ರಶ್ನೆ

ಹೆಚ್ಚಿನವರು ಎಡವುವುದು ಇಲ್ಲೇ. 'ಮನೆಪಾಠ ಇಷ್ಟವಾ?' ಅಂದರೆ 'ಹೂಂ' ಅಂತಲೇ ಬರುತ್ತದೆ. 'ಶಾಲೆ ಬೇಕಾ ಮನೆ ಬೇಕಾ?' ಅನ್ನುವುದು ಇನ್ನೂ ಕೆಟ್ಟದ್ದು, ಅದು 'ಅಮ್ಮ ಬೇಕಾ ಬೇಡವಾ' ಅಂದಂತೆ ಕೇಳಿಸುತ್ತದೆ.

ನಡೆದದ್ದರಿಂದ ಶುರು ಮಾಡಿ. 'ನಿನ್ನೆ ತಿಂಡಿ ಆದ್ಮೇಲೆ ಊಟದ ತನಕ ಏನೇನಾಯ್ತು?' ಇದಕ್ಕೆ ಸರಿ ತಪ್ಪು ಉತ್ತರ ಇಲ್ಲ, ಮಗುವಿಗೆ ಸುಲಭ. ಆಮೇಲೆ, 'ಅದ್ರಲ್ಲಿ ಯಾವುದು ಬೇಗ ಮುಗಿದುಹೋಯ್ತು ಅನ್ನಿಸ್ತು? ಯಾವುದು ಮುಗಿಯೋದೇ ಇಲ್ಲ ಅನ್ನಿಸ್ತು?' ಇದಕ್ಕೆ ಬರುವ ಉತ್ತರದಲ್ಲಿ ನಿಮಗೆ ಬೇಕಾದ ಅರ್ಧ ಸಿಕ್ಕಿರುತ್ತದೆ.

ಕಷ್ಟದ ವಿಷಯವನ್ನು ಬೇರೆ ಮಗುವಿನ ಮೇಲೆ ಹಾಕಿ ಕೇಳಬಹುದು. 'ನಿನ್ನ ವಯಸ್ಸಿನ ಇನ್ನೊಂದು ಮಗು ನಮ್ಮನೆಗೆ ಬಂದು ಒಂದು ತಿಂಗಳು ಇದೇ ಥರ ಕಲಿತರೆ ಅದಕ್ಕೆ ಏನು ಬೇಜಾರಾಗಬಹುದು?' ಮಗು ಆ ಇನ್ನೊಂದು ಮಗುವಿನ ಹೆಸರಲ್ಲಿ ತನ್ನದನ್ನೇ ಹೇಳುತ್ತದೆ. ಶಾಲೆಯ ಬಗ್ಗೆ ಕೇಳುವಾಗಲೂ ಹೀಗೇ ಬಿಡಿಸಿ ಕೇಳಿ: 'ಶಾಲೆಗೆ ಹೋಗೋ ಮಕ್ಕಳಿಗೆ ಸಿಗೋದ್ರಲ್ಲಿ ನಿಂಗೂ ಬೇಕು ಅನ್ನಿಸೋದು ಏನು?' ಉತ್ತರ ಪಾಠ ಆಗಿರಬೇಕು ಅಂತೇನಿಲ್ಲ. ಬಿಸಿಯೂಟದ ಸಾಲು, ಯೂನಿಫಾರ್ಮು, ಬಸ್ ಪಾಸು, ಕೊನೆಯ ಬೆಂಚು, ಮಳೆ ರಜೆ. ಕೊನೆಯದು ನಗುವ ವಿಷಯ ಅಲ್ಲ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಊರಿಗೆಲ್ಲ ಮಳೆ ರಜೆ ಸಿಕ್ಕಾಗ ಮನೆಪಾಠದ ಮಗುವಿಗೆ ಮಾತ್ರ ಪಾಠ ಇರುತ್ತದೆ!

'ಯಾಕೆ' ಅನ್ನುವುದನ್ನು ಆದಷ್ಟು ಕಡಿಮೆ ಮಾಡಿ. ಅದು ವಿಚಾರಣೆಯ ಹಾಗಿರುತ್ತದೆ. 'ಆಮೇಲೆ?', 'ಹೌದಾ?', 'ಅದನ್ನ ಇನ್ನೊಂಚೂರು ಹೇಳು' ಇಷ್ಟು ಸಾಕು. ಮಗು ಮಾತು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆ ಹಾಕಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಎರಡನೇ ಉತ್ತರ ಬರುತ್ತದೆ, ಅದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ನಿಜವಾದದ್ದು. ಮಧ್ಯದಲ್ಲಿ ತಿದ್ದಬೇಡಿ. ಕಲಿಸುವ ಅಪ್ಪ ಅಮ್ಮಂದಿರಿಗೆ ಇದು ಭಾರಿ ಕಷ್ಟ. ಮಗು ತಾರೀಕು ತಪ್ಪು ಹೇಳಿದರೂ, ಆಗದೇ ಇದ್ದದ್ದನ್ನು ಆಯ್ತು ಅಂದರೂ ಕೇಳಿಕೊಳ್ಳಿ. 'ಹಾಗಲ್ಲ ಪುಟ್ಟ' ಅಂದರೆ ಅಲ್ಲಿಗೆ ಮತ್ತೆ ಪಾಠ ಶುರುವಾಯ್ತು.

ಮನೆಯ ಮಾತು ಹವ್ಯಕ, ಕೊಂಕಣಿ, ಉರ್ದು, ಲಂಬಾಣಿ ಏನೇ ಆಗಿರಲಿ, ಅದರಲ್ಲೇ ಕೇಳಿ. ಇಂಗ್ಲಿಷಿನಲ್ಲಿ ಪಾಠ ಆಗುತ್ತಿದ್ದರಂತೂ ಇಂಗ್ಲಿಷಿನಲ್ಲಿ ಕೇಳಲೇಬೇಡಿ.

ಹೆಜ್ಜೆ 5: ಮಾತಿನಲ್ಲಿ ಹೇಳಲಾಗದ ಮಕ್ಕಳಿಗೆ

ಆರೇಳು ವರ್ಷದೊಳಗಿನವರಿಗೆ, ಮಾತು ಕಡಿಮೆ ಇರುವವರಿಗೆ ಬೇರೆ ದಾರಿ ಇದೆ. ಇಂಗ್ಲೆಂಡಿನ ಅಲಿಸನ್ ಕ್ಲಾರ್ಕ್ ಮತ್ತು ಪೀಟರ್ ಮಾಸ್ ಪುಟ್ಟ ಮಕ್ಕಳಿಗೆ ಅಂತಲೇ ಒಂದು ವಿಧಾನ ರೂಪಿಸಿದರು. ಮಗುವಿನ ಕೈಗೆ ಕ್ಯಾಮೆರಾ ಕೊಡುವುದು, ಅದೇ ನಮ್ಮನ್ನು ಸುತ್ತಾಡಿಸಿ ಜಾಗ ತೋರಿಸುವುದು, ನಕ್ಷೆ ಬರೆಯುವುದು. ಇವನ್ನೆಲ್ಲ ಸೇರಿಸಿ ನೋಡಿದರೆ ಮಗುವಿನ ಮನಸ್ಸು ಸ್ವಲ್ಪ ಸ್ವಲ್ಪ ಕಾಣುತ್ತದೆ.

ನಮ್ಮಲ್ಲಿ ಮಾಡಲು ಸುಲಭವಾದದ್ದು ನಕ್ಷೆ. ದೊಡ್ಡ ಹಾಳೆಯಲ್ಲಿ ಮಗು ತನ್ನ ಮನೆ, ಅಂಗಳ, ತೋಟ ಬರೆಯಲಿ. ಕಲಿಯುವ ಜಾಗಕ್ಕೆಲ್ಲ ಹಸಿರು, ಬೇಜಾರಿನ ಜಾಗಕ್ಕೆ ಕೆಂಪು ಹಚ್ಚಲಿ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿ ಬರೆದ ನಕ್ಷೆ ನೋಡಿದ್ದೇನೆ. ಅಪ್ಪ ಆಸೆಪಟ್ಟು ಮಾಡಿಸಿದ ಓದುವ ಕೋಣೆಗೆ ಕೆಂಪೂ ಇಲ್ಲ, ಹಸಿರೂ ಇಲ್ಲ, ಖಾಲಿ. ಕೊಟ್ಟಿಗೆ, ನೀರಿನ ತೊಟ್ಟಿ, ಅಜ್ಜಿಯ ಹಾಸಿಗೆ ಹಸಿರು. ಗೇಟು ಮಾತ್ರ ಗಾಢ ಕೆಂಪು. ಬೆಳಿಗ್ಗೆ ಪಕ್ಕದ ಮನೆ ಮಕ್ಕಳು ಶಾಲೆಗೆ ಹೊರಡುವಾಗ ಅವಳು ನಿಲ್ಲುವ ಜಾಗ ಅದು. ಇದರ ಬಗ್ಗೆ ಅವಳು ಅದುವರೆಗೂ ಒಂದು ಮಾತೂ ಆಡಿರಲಿಲ್ಲ.

ನಕ್ಷೆಗೆ ನೀವೇ ಅರ್ಥ ಹಚ್ಚಬೇಡಿ. 'ಇದು ಯಾಕೆ ಕೆಂಪು?' ಅಂತಲೂ ಬೇಡ. 'ಇಲ್ಲಿ ಏನಾಗುತ್ತೆ?' ಅನ್ನಿ.

ಹೆಜ್ಜೆ 6: ಬರೆದುಕೊಂಡು ಓದಿ ಹೇಳಿ

ಮಗುವಿನ ಮಾತನ್ನು ಅದರದ್ದೇ ಪದಗಳಲ್ಲಿ ಬರೆಯಿರಿ. 'ಬೋರು' ಅಂದದ್ದನ್ನು 'ಆಸಕ್ತಿ ಕಡಿಮೆ' ಅಂತ ಬದಲಿಸಬೇಡಿ. ಆಮೇಲೆ ಓದಿ ಹೇಳಿ, ಯಾವುದು ಅಪ್ಪ ಅಮ್ಮನಿಗೆ ಹೇಳಬಹುದು, ಯಾವುದು ಬೇಡ ಅಂತ ಕೇಳಿ. ಹಾಳೆಯನ್ನು ಅದೇ ಇಟ್ಟುಕೊಳ್ಳಲಿ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವ ವಿಷಯ ಇದಲ್ಲ.

ಒಂದು ಎಚ್ಚರಿಕೆ. 'ಯಾರಿಗೂ ಹೇಳಲ್ಲ' ಅಂತ ಮೊದಲೇ ಮಾತು ಕೊಡಬೇಡಿ. 'ನಿನಗೆ ಯಾರಾದ್ರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತೆ' ಅಂತ ಶುರುವಿನಲ್ಲೇ ತಿಳಿಸಿ. ಹೊಡೆತ, ಹೆದರಿಕೆ, ಮೈ ಮುಟ್ಟುವ ವಿಷಯ ಬಂದರೆ ನೀವೇ ತನಿಖೆ ಮಾಡಲು ಹೋಗಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಕಿರುಕುಳ ಆಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮನೆಯವರೇ ಆಗಿದ್ದರೂ ಅಷ್ಟೇ.

ಹೆಜ್ಜೆ 7: ಉತ್ತರ ಕೊಡಿ

ಬೆಲ್‌ಫಾಸ್ಟ್‌ನ ಮಕ್ಕಳ ಹಕ್ಕುಗಳ ತಜ್ಞೆ ಲಾರಾ ಲಂಡಿ ಅವರು 2007ರಲ್ಲಿ, ಮೊದಲೇ ಹೇಳಿದ ವಿಶ್ವಸಂಸ್ಥೆ ಒಡಂಬಡಿಕೆಯ 12ನೇ ವಿಧಿಯನ್ನು ನಾಲ್ಕು ಭಾಗವಾಗಿ ಬಿಡಿಸಿದರು. ಮಗುವಿಗೆ ಹೇಳಲು ಜಾಗ ಬೇಕು, ಹೇಳಲು ಸಹಾಯ ಬೇಕು, ಕೇಳುವವರು ಬೇಕು, ಕೇಳಿದ್ದರಿಂದ ಏನಾದರೂ ಆಗಬೇಕು. ನಾವು ಮೊದಲ ಮೂರನ್ನು ಹೇಗೋ ಮಾಡಿಬಿಡುತ್ತೇವೆ. ಉಳಿದುಹೋಗುವುದು ನಾಲ್ಕನೆಯದು.

ಒಂದು ವಾರದೊಳಗೆ ಮಗುವಿನ ಜತೆ ಕೂತು, ಅದು ಹೇಳಿದ ಪ್ರತಿ ವಿಷಯಕ್ಕೂ ಉತ್ತರ ಹೇಳಿ. ಇದನ್ನು ನಾಳೆಯಿಂದಲೇ ಬದಲಿಸುತ್ತೇವೆ. ಇದನ್ನು ಒಂದು ತಿಂಗಳು ಮಾಡಿ ನೋಡೋಣ. ಇದು ಆಗುವುದಿಲ್ಲ, ಕಾರಣ ಹೀಗಿದೆ. ಕಾರಣ ನಿಜವಾದದ್ದಾಗಿರಲಿ. ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅನ್ನಿ. ಒಂದು ಚಿಕ್ಕ ವಿಷಯವನ್ನಾದರೂ ಅದೇ ದಿನ ಬದಲಿಸಿ. ಪಾಠದ ಹೊತ್ತನ್ನು ಒಂಬತ್ತರಿಂದ ಹತ್ತಕ್ಕೆ ತಳ್ಳಿದರೂ ಸಾಕು, ಹೇಳಿದ್ದು ನಡೆಯುತ್ತದೆ ಅಂತ ಮಗುವಿಗೆ ಗೊತ್ತಾಗುತ್ತದೆ.

ಜತೆಗಾರರು ಬೇಕು ಅಂದರೆ

ಮನೆಪಾಠದ ಮಕ್ಕಳ ಬಾಯಲ್ಲಿ ಜಾಸ್ತಿ ಬರುವ ಮಾತು ಇದು, ಮಲೆನಾಡಿನಲ್ಲಂತೂ ಇನ್ನೂ ಜಾಸ್ತಿ. ಪೇಟೆಯ ಮಗುವಿಗೆ ಸಂಜೆ ಬೀದಿ ಇದೆ. ಇಲ್ಲಿ ಪಕ್ಕದ ಮನೆ ಅಂದರೆ ತೋಟ ದಾಟಿ, ಸಂಕ ದಾಟಿ, ಇಂಬಳ ಕಚ್ಚಿಸಿಕೊಂಡು ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದೂ ಇಲ್ಲ.

ಗ್ರಾಮ ಪಂಚಾಯಿತಿಯ ಗ್ರಂಥಾಲಯದಿಂದ ಶುರು ಮಾಡಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆ ಬಿಟ್ಟ ಮೇಲೆ ಬೇರೆ ಮಕ್ಕಳು ಬರುವ ಹೊತ್ತಿಗೇ ಕಳಿಸಿ, ಬೆಳಿಗ್ಗೆ ಖಾಲಿ ಇರುವಾಗ ಅಲ್ಲ. ಇನ್ನೊಂದು, ಮಕ್ಕಳ ಗ್ರಾಮ ಸಭೆ. ನಮ್ಮ ರಾಜ್ಯದ ಪಂಚಾಯಿತಿಗಳು ಮಕ್ಕಳಿಗಾಗಿಯೇ ನಡೆಸುವ ಸಭೆ ಇದು. ರಸ್ತೆ, ಬಸ್ಸು, ಆಟದ ಮೈದಾನ, ಏನನ್ನಾದರೂ ಮಕ್ಕಳು ಅಧಿಕಾರಿಗಳ ಮುಂದೆ ಕೇಳಬಹುದು. ಸುದ್ದಿ ಹೋಗುವುದು ಹೆಚ್ಚಾಗಿ ಶಾಲೆಗಳ ಮೂಲಕ, ಹಾಗಾಗಿ ಮನೆಪಾಠದ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ನವೆಂಬರ್ ಹತ್ತಿರ ಬರುವಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ದಿನಾಂಕ ಕೇಳಿಟ್ಟುಕೊಳ್ಳಿ. ಊರಿನ ಮಗುವಿಗೆ ಅಲ್ಲಿ ಕೂರುವ ಹಕ್ಕಿದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ.

ಹದಿಮೂರರ ಹೊತ್ತಿಗೆ

ಚಿಕ್ಕಂದಿನಲ್ಲಿ ತೀರ್ಮಾನ ನಿಮ್ಮದು, ಇನ್ನು ಮುಂದೆ ಅದು ನಿಧಾನವಾಗಿ ಮಗುವಿನ ಕೈಗೆ ಹೋಗಬೇಕು. ಅದಕ್ಕೆ ಎಲ್ಲ ದಾರಿಗಳೂ ಗೊತ್ತಿರಬೇಕು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಹತ್ತನೇ ತರಗತಿಗೆ 14 ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತದೆ. ಐದು ವಿಷಯ ಪಾಸಾಗಬೇಕು, ನೋಂದಣಿ ಐದು ವರ್ಷ ನಡೆಯುತ್ತದೆ, ಎಲ್ಲವನ್ನೂ ಒಟ್ಟಿಗೆ ಬರೆಯಬೇಕಿಲ್ಲ. ನಮ್ಮ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಶಾಲೆಗೆ ಸೇರುವುದೂ ಒಂದು ದಾರಿ. ಆದರೆ ಮೊದಲೇ ಹೇಳಿದ 4ನೇ ಸೆಕ್ಷನ್ನಿನ ಬಲ ಇರುವುದು 14ರ ತನಕದ ಮಕ್ಕಳಿಗೆ, ಅದೂ ಎಂಟನೇ ತರಗತಿವರೆಗಿನ ಓದಿಗೆ. ಹಾಗಾಗಿ ಈ ಪ್ರಶ್ನೆಯನ್ನು ಹದಿಮೂರು ತುಂಬುವ ಮೊದಲೇ ಎತ್ತಿ.

ಮೂರು ದಾರಿಗೆ ಮೂರು ಹಾಳೆ ಮಾಡಿ. ಖರ್ಚೆಷ್ಟು, ಊರಿಂದ ಎಷ್ಟು ದೂರ, ಯಾವಾಗ ಅರ್ಜಿ, ಮುಂದೆ ಏನು ಓದಬಹುದು, ಎಲ್ಲವನ್ನೂ ಬರೆಯಿರಿ. ನಿಮ್ಮ ಆಯ್ಕೆಯ ಹಾಳೆಯನ್ನು ಮಾತ್ರ ಚೆನ್ನಾಗಿ ಅಲಂಕರಿಸಬೇಡಿ! ಶಾಲೆಗೆ ಹೋಗಿರುವ ಒಬ್ಬರ ಜತೆ, ಮುಕ್ತ ಶಾಲೆಯಲ್ಲಿ ಪಾಸಾದ ಒಬ್ಬರ ಜತೆ ಮಗು ತಾನೇ ಮಾತಾಡಲಿ. ಆಗುವುದಾದರೆ ಹೆಡ್‌ಮಾಸ್ಟರ ಹತ್ತಿರ ಕೇಳಿಕೊಂಡು ಒಂದು ದಿನ ಶಾಲೆಯಲ್ಲಿ ಕೂತು ಬರಲಿ.

ಯಾವಾಗ ಕೇಳಬೇಕು

ವರ್ಷಕ್ಕೆ ಎರಡು ಸಲ ಹೀಗೆ ಕ್ರಮವಾಗಿ ಕೇಳಿದರೆ ಸಾಕು, ದಿನಾ ಕೇಳಿದರೆ ಮಗುವಿಗೆ ಕಿರಿಕಿರಿ. ಒಂದು ಸಲ ಕೊನೆಕೊಯ್ಲಿನ ಹೊತ್ತಿಗೆ. ಇನ್ನೊಂದು ಏಪ್ರಿಲ್‌ನಲ್ಲಿ, ಯಾಕೆಂದರೆ ಶಾಲೆಗಳು ಮೇ ಕೊನೆಗೋ ಜೂನ್ ಮೊದಲಿಗೋ ಶುರುವಾಗುತ್ತವೆ. ಜುಲೈನಲ್ಲಿ ಕೇಳಿ, 'ಮುಂದಿನ ವರ್ಷ ನೋಡೋಣ' ಅನ್ನುವ ಹಾಗಾಗಬಾರದು. ಮಗು ಶಾಲೆಗೆ ಹೋಗುತ್ತೇನೆ ಅಂದರೆ ಅರ್ಜಿ, ಜನನ ಪ್ರಮಾಣಪತ್ರ, ಆಧಾರ್, ಬಸ್ಸಿನ ಸಮಯ ಎಲ್ಲ ನೋಡಿಕೊಳ್ಳಲು ಒಂದು ತಿಂಗಳಾದರೂ ಬೇಕಾಗುತ್ತದೆ.